ಕೃತಕ ಹಲ್ಲು ಮತ್ತು ಇಂಪ್ಲಾಂಟ್ ಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆ

ಸವೆದ, ಮುರಿದ ಅಥವಾ ಬಿದ್ದುಹೋದ ಹಲ್ಲಿಗೆ ಬದಲಾಗಿ ಬಳಸುವ ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್ ಮತ್ತು ದವಡೆ ಮೂಳೆಗೆ ಇಳಿಸುವ ಇಂಪ್ಲಾಂಟ್‌ಗಳ ವಿನ್ಯಾಸಕ್ಕೂ ಚಿಕಿತ್ಸಾ ಯೋಜನೆಗೂ ಕೃತಕ ಬುದ್ಧಿಮತ್ತೆಯನ್ನು ಬಳಸುವ ಸಂಶೋಧನಾ ಕ್ಷೇತ್ರ. ತಜ್ಞರು ಬರೆದುಕೊಟ್ಟ ನಿಯಮಗಳಿಂದ ಆರಂಭವಾದ ಈ ಕ್ಷೇತ್ರ ಈಗ ರೋಗಿಗಳ ಸ್ಕ್ಯಾನ್‌ಗಳಿಂದ ನೇರವಾಗಿ ಕಲಿಯುವ ಹಂತಕ್ಕೆ ಬಂದಿದೆ.

ಹಿನ್ನೆಲೆ

ಟೈಟಾನಿಯಂ ಲೋಹ ಜೀವಂತ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಗಮನಿಸಿದ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್, 1965ರಲ್ಲಿ ಮೊದಲ ರೋಗಿಗೆ ಅಂಥ ಇಂಪ್ಲಾಂಟ್‌ಗಳನ್ನು ಕೂರಿಸಿದರು. ಬೆಳಕಿನ ನೆರವಿನಿಂದ ಹಲ್ಲಿನ ಅಚ್ಚು ತೆಗೆಯುವ ಕಲ್ಪನೆಯನ್ನು ಫ್ರಾನ್ಸಿನ ಫ್ರಾನ್ಸ್ವಾ ಡ್ಯೂರೆ 1973ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ರೂಪಿಸಿದ ‘ಸೆರೆಕ್’ ವ್ಯವಸ್ಥೆಯಿಂದ 1985ರಲ್ಲಿ, ರೋಗಿ ಕುರ್ಚಿಯಲ್ಲಿರುವಾಗಲೇ ಸೆರಾಮಿಕ್ ತುಂಬಿಕೆಯನ್ನು ಕಡೆದು ಕೂರಿಸಲಾಯಿತು. 1990ರ ದಶಕದ ಕೊನೆಗೆ ದಂತವೈದ್ಯಕೀಯಕ್ಕೆ ಬಂದ ಮೂರು ಆಯಾಮದ ಕೋನ್-ಬೀಮ್ ಸಿ.ಟಿ. ಸ್ಕ್ಯಾನ್ ಮೂಳೆಯ ಎತ್ತರ, ಅಗಲ ಮತ್ತು ನರದ ಹಾದಿಯನ್ನು ತೋರಿಸಿತು. ಮುಂದಿನ ಕಂಪ್ಯೂಟರ್ ಕಲಿಕೆಗೆ ಬೇಕಾದ ಮಾಹಿತಿ ಕೂಡಿಬಂದದ್ದು ಇಂಥ ಡಿಜಿಟಲ್ ಅಚ್ಚು ಮತ್ತು ಸ್ಕ್ಯಾನ್‌ಗಳಿಂದಲೇ.

ನಿಯಮಾಧಾರಿತ ಹಂತ

1990ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ‘ರ‍್ಯಾಪಿಡ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಭಾಗಶಃ ಹಲ್ಲಿನ ಸೆಟ್‌ನ ನಕ್ಷೆಯನ್ನು ವೈದ್ಯರು ಪರದೆಯ ಮೇಲೆ ಬರೆಯುತ್ತಿದ್ದರೆ, ಅದು ತಜ್ಞರ ನಿಯಮಗಳನ್ನು ಮೀರುತ್ತಿದೆಯೇ ಎಂದು ಕಂಪ್ಯೂಟರ್ ಪರಿಶೀಲಿಸುತ್ತಿತ್ತು. ಆದರೆ ಪ್ರತಿಯೊಂದು ಬಾಯಿಯ ವೈಶಿಷ್ಟ್ಯವನ್ನೂ ನಿಯಮವಾಗಿ ಬರೆದಿಡುವುದು ಅಸಾಧ್ಯವಾಗಿತ್ತು.

ಆಳ ಕಲಿಕೆಯ ಹಂತ

2012ರ ನಂತರ ಉದಾಹರಣೆಗಳಿಂದ ಕಲಿತು ಚಿತ್ರ ಗುರುತಿಸುವ ಕೃತಕ ನರಜಾಲಗಳು (ಆಳ ಕಲಿಕೆ) ಪ್ರಬಲವಾದಂತೆ ಸಂಶೋಧನೆಯ ದಿಕ್ಕು ಬದಲಾಯಿತು. 2018ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಗ್ಲೈಡ್‌ವೆಲ್ ಸಂಸ್ಥೆಯ ಸಂಶೋಧಕರು ಕ್ಯಾಪ್‌ನ ಆಕಾರವನ್ನು ತಾನೇ ರಚಿಸುವ ಮಾದರಿಯನ್ನು ಪ್ರಕಟಿಸಿದರು. ಅಕ್ಕಪಕ್ಕದ ಹಲ್ಲುಗಳ ಜೊತೆಗೆ ಎದುರು ದವಡೆಯೊಂದಿಗಿನ ಕಚ್ಚನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು.

ಎಕ್ಸ್‌ರೇ ನೋಡಿ ಇಂಪ್ಲಾಂಟ್‌ನ ತಯಾರಕರನ್ನು ಗುರುತಿಸುವ ಅಧ್ಯಯನಗಳು 2020ರ ಸುಮಾರಿಗೆ ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದವು. ಪ್ರತಿ ತಯಾರಕರ ಸ್ಕ್ರೂ ಮತ್ತು ಉಪಕರಣ ಬೇರೆಬೇರೆ. ಹಾಗಾಗಿ, ದಾಖಲೆಯಿಲ್ಲದ ಹಳೆಯ ಇಂಪ್ಲಾಂಟ್ ಸಡಿಲವಾಗಿ ಬಂದ ರೋಗಿಯ ಚಿಕಿತ್ಸೆಗೆ ಈ ಗುರುತು ಅತ್ಯಗತ್ಯ. ಇಂಪ್ಲಾಂಟ್ ಕೂರಿಸುವಾಗ ಕೆಳದವಡೆಯ ನರನಾಳಕ್ಕೆ ಡ್ರಿಲ್ ತಗುಲಿದರೆ ತುಟಿ ಮರಗಟ್ಟಬಹುದು. ಆ ನಾಳವನ್ನು ಸ್ಕ್ಯಾನ್‌ನಲ್ಲಿ ಗುರುತಿಸುವ ‘ಟೂತ್‌ಫೇರಿ’ ಅಂತಾರಾಷ್ಟ್ರೀಯ ಸ್ಪರ್ಧೆ 2023ರಲ್ಲಿ ನಡೆಯಿತು.

ರೋಬೊ ನೆರವು

ವೈದ್ಯರ ಕೈಗೆ ದಿಕ್ಕು ತೋರುವ ‘ಯೋಮಿ’ ರೋಬೊಗೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು. 2017ರಲ್ಲಿ ಚೀನಾದ ಶಿಆನ್ ನಗರದಲ್ಲಿ ರೋಬೊ ಒಂದು ವೈದ್ಯರ ಮೇಲ್ವಿಚಾರಣೆಯಲ್ಲಿ ಮಹಿಳೆಯೊಬ್ಬರಿಗೆ ಎರಡು ಇಂಪ್ಲಾಂಟ್‌ಗಳನ್ನು ತಾನೇ ಅಳವಡಿಸಿತು.

ಮಿತಿಗಳು

ಒಂದೇ ಆಸ್ಪತ್ರೆಯ ಚಿತ್ರಗಳಿಂದ ಕಲಿತ ಮಾದರಿ ಬೇರೆಡೆಯ ಯಂತ್ರ ಮತ್ತು ರೋಗಿಗಳ ಮುಂದೆ ಎಡವಬಹುದು. ಇಂಪ್ಲಾಂಟ್ ಉಳಿಯುವುದು ಮೂಳೆಯ ಗುಣ, ಮಧುಮೇಹ, ಧೂಮಪಾನ ಮತ್ತು ಬಾಯಿಯ ಸ್ವಚ್ಛತೆಯನ್ನೂ ಅವಲಂಬಿಸಿದೆ. ಆದ್ದರಿಂದ ಒಂದು ಮಾದರಿಯ ಯೋಗ್ಯತೆಯನ್ನು ಪರದೆಯ ಮೇಲಿನ ನಿಖರತೆಯಿಂದಷ್ಟೇ ಅಳೆಯಲಾಗದು. ಚಿಕಿತ್ಸೆ ಪಡೆದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನಗಳೇ ಅದನ್ನು ತೀರ್ಮಾನಿಸಬೇಕು. ಯಂತ್ರ ಸೂಚಿಸಿದ ವಿನ್ಯಾಸವನ್ನು ಒಪ್ಪುವ ಅಥವಾ ತಿದ್ದುವ ಹೊಣೆ ದಂತವೈದ್ಯರದೇ.