ನೋವಿಲ್ಲದ ಹುಣ್ಣು: ಬಾಯಿಯ ಅರ್ಬುದರೋಗದ ಅರಿವು ಬೆಳೆದ ಬಗೆ

ಅರ್ಬುದರೋಗವು ಪಾಶ್ಚಾತ್ಯ ನಾಗರಿಕತೆಯ ಫಲವೆಂದೂ, ಭಾರತೀಯರಲ್ಲಿ ಅದು ವಿರಳವೆಂದೂ ಬಹುಕಾಲ ನಂಬಲಾಗಿತ್ತು. ಆದರೆ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿಯೇ ಅರ್ಬುದದ ವಿವರಣೆ ದೊರೆಯುತ್ತದೆ. ದುಂಡಾದ, ಅಲುಗದ, ಆಳಕ್ಕೆ ಬೇರೂರಿ ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಗಂಟನ್ನು ವರ್ಣಿಸುವ ಗ್ರಂಥಕಾರನು, ಅದರ ನೋವು ಅಲ್ಪವೆಂಬುದನ್ನೂ ಸೇರಿಸಿದ್ದಾನೆ. ಅಲ್ಲಿನ ಅರ್ಬುದವೆಲ್ಲವೂ ಇಂದಿನ ಕ್ಯಾನ್ಸರೇ ಎಂದು ಸಾಧಿಸಹೊರಡುವುದು ಅತ್ಯುತ್ಸಾಹವಾದೀತು. ಆದರೂ ಈ ಕೊನೆಯ ಮಾತು ಮನನಯೋಗ್ಯವಾದುದು. ಜನರು ರೋಗವನ್ನು ಅಳೆಯುವುದು ನೋವಿನಿಂದ. ನೋಯುವ ಹಲ್ಲಿಗೆ ಮರುದಿನವೇ ವೈದ್ಯರು ಬೇಕು. ನೋಯದ ಹುಣ್ಣನ್ನು ‘ಉಷ್ಣ’ವೆಂದು ತಿಂಗಳುಗಟ್ಟಲೆ ಬಿಡುವುದುಂಟು. ಅರ್ಬುದವಾದರೋ ಬಹುಮಟ್ಟಿಗೆ ನೋವಿಲ್ಲದೆಯೇ ಆರಂಭವಾಗುತ್ತದೆ.

ಕಂಡ ಲಕ್ಷಣವನ್ನು ಬೇರೊಂದು ರೋಗದ್ದೆಂದು ಬಗೆಯುವ ಅಪಾಯವೂ ಇದೆ. 1920ರ ದಶಕದ ಆರಂಭದಲ್ಲಿ ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿಗೆ ಬಂದ ವ್ಯಾಧಿಯನ್ನು ಮೊದಲು ಆಮಶಂಕೆಯೆಂದು ತಿಳಿಯಲಾಯಿತು. ಅದು ಗುದನಾಳದ ಅರ್ಬುದವಾಗಿತ್ತು. ವೈದ್ಯೆಯ ಮನೆಯಲ್ಲಿಯೇ ಹೀಗಾದ ಮೇಲೆ ಉಳಿದವರ ಪಾಡೇನು? 1954ರಲ್ಲಿ ಅಡಯಾರಿನಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಯ ಹಿಂದೆ ಈ ದುಃಖವಿದೆ.

ಬಾಯಿಯ ಅರ್ಬುದಕ್ಕೆ ಈ ಮರೆಯೂ ಇಲ್ಲ. ಅದು ಕನ್ನಡಿಯಲ್ಲಿ ಕಾಣುವ ರೋಗ. 1902ರಲ್ಲಿ ಮದರಾಸಿನ ಶಸ್ತ್ರವೈದ್ಯ ನಿಬ್ಲಾಕ್ ಭಾರತದಲ್ಲಿನ ಅರ್ಬುದವನ್ನು ಕುರಿತು ಬರೆದರು. 1933ರಲ್ಲಿ ಓರ್ ಎಂಬ ವೈದ್ಯರು ತಿರುವಾಂಕೂರಿನ ಎಲೆಯಡಿಕೆ ಮೆಲ್ಲುವವರ ಬಾಯಿಯ ಅರ್ಬುದವನ್ನು ವಿವರಿಸಿದರು. ಹೊಗೆಸೊಪ್ಪನ್ನು ಕೂಡಿಸಿದ ಕವಳವನ್ನು ಕೆನ್ನೆಯ ಸಂದಿಯಲ್ಲಿ ಒತ್ತರಿಸಿಟ್ಟ ಕಡೆಯಲ್ಲಿಯೇ ಹುಣ್ಣು ಏಳುವುದು ಸಾಮಾನ್ಯ. ಕಾರಣ ಮತ್ತು ಕಾರ್ಯಗಳು ಒಂದೇ ಸ್ಥಳದಲ್ಲಿ ಹೀಗೆ ಎದುರೆದುರು ನಿಲ್ಲುವ ಅರ್ಬುದಗಳು ಹೆಚ್ಚಿಲ್ಲ.

ಮುಂದಿನ ಅಧ್ಯಾಯ ಮುಂಬಯಿಯದು. 1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅಲ್ಲಿನ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರರು 1944ರಲ್ಲಿ ಮುಂಬಯಿಯ ಬಾಯಿಯ ಅರ್ಬುದವನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1955ರಲ್ಲಿ ಸಾಂಘ್ವಿ ಮತ್ತು ರಾವ್ ಅವರೊಡನೆ ಸೇರಿ, ಹೊಗೆಸೊಪ್ಪನ್ನು ಸೇದುವುದಕ್ಕೂ ಜಗಿಯುವುದಕ್ಕೂ ಬಾಯಿ ಗಂಟಲುಗಳ ಅರ್ಬುದಕ್ಕೂ ಇರುವ ಸಂಬಂಧವನ್ನು ಅಂಕಿ ಅಂಶಗಳಿಂದ ಪರಿಶೀಲಿಸಿದರು. ‘ನಮ್ಮ ಅಜ್ಜ ತೊಂಬತ್ತು ವರ್ಷ ಹೊಗೆಸೊಪ್ಪು ಹಾಕಿದರು’ ಎಂಬ ವಾದಕ್ಕೆ ಇಂಥ ಲೆಕ್ಕವೊಂದೇ ಉತ್ತರ.

ಈ ಇತಿಹಾಸದ ಅತ್ಯಂತ ಕುತೂಹಲಕರವಾದ ಪ್ರಕರಣ ಭಾರತದ ಹೊರಗೆ ಆರಂಭವಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬವರು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯಲ್ಲಿ ಕಂಡ ವಿಚಿತ್ರ ವಿಕಾರವೊಂದನ್ನು ವರ್ಣಿಸಿದರು. ಕಾರಣ ತಿಳಿಯದ್ದೆಂಬ ಅರ್ಥವು ಅವರಿಟ್ಟ ಹೆಸರಿನಲ್ಲಿಯೇ ಅಡಗಿತ್ತು. ಮರುವರ್ಷ ಮುಂಬಯಿಯ ಜೋಶಿಯವರು ಅಂಥದೇ ವಿಕಾರವನ್ನು ವರದಿಮಾಡಿದರು. ಖಾರ ತಗುಲಿದರೆ ಬಾಯಿ ಉರಿಯುವುದು, ಒಳಗೆನ್ನೆ ಬಿಳಿಚಿ ಗಡುಸಾಗುವುದು, ಕ್ರಮೇಣ ಬಾಯಿ ಪೂರ್ತಿ ತೆರೆಯದಂತಾಗುವುದು, ಇವು ಅದರ ಲಕ್ಷಣಗಳು. ಊರು ಬಿಟ್ಟವರು ಊರಿನ ಅಭ್ಯಾಸವನ್ನು ಬಿಟ್ಟಿರಲಿಲ್ಲ. ತಿಳಿಯದೆ ಉಳಿದಿದ್ದ ಆ ಕಾರಣ ಅಡಿಕೆಯೆಂಬುದು ಮುಂದೆ ಸ್ಪಷ್ಟವಾಯಿತು. ಈ ವಿಕಾರವುಳ್ಳವರಲ್ಲಿ ಕೆಲವರಿಗೆ ಅರ್ಬುದ ತಲೆದೋರುತ್ತದೆ.

ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನು ಮಾತ್ರ ಅರ್ಬುದಕಾರಕವೆಂದು ತೀರ್ಮಾನಿಸಿತ್ತು. 2004ರಲ್ಲಿ ಪ್ರಕಟವಾದ ಅದರ ಸಂಪುಟವು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ಹಿತವಾದ ವಾರ್ತೆಯಲ್ಲ. ಮಲೆನಾಡಿನ ತೋಟವನ್ನು ನಂಬಿ ಬದುಕುವ ಕುಟುಂಬಗಳ ಆತಂಕ ಸಹಜವಾದುದೇ. ಆದರೆ ಆ ಆತಂಕದಿಂದ ಪುರಾವೆಯ ತೂಕ ಕಡಮೆಯಾಗದು.

ವಾಸಿಯಾಗದ ಹುಣ್ಣು, ಗಂಟು, ಕಾರಣವಿಲ್ಲದ ರಕ್ತಸ್ರಾವ, ಬಿಡದ ಕೆಮ್ಮು ಅಥವಾ ಒಡಕು ದನಿ, ನುಂಗುವ ಕಷ್ಟ, ಮಲಮೂತ್ರಗಳ ವ್ಯತ್ಯಾಸ, ಬದಲಾದ ಮಚ್ಚೆ: ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಅರ್ಬುದ ಸಂಘವು ಸಾರುತ್ತಿದ್ದ ಏಳು ಸೂಚನೆಗಳಿವು. ಬಾಯಿಯ ಮಟ್ಟಿಗೆ ಉಜ್ಜಿದರೂ ಹೋಗದ ಬಿಳಿಯ ಕಲೆಯನ್ನೂ, ಅದಕ್ಕಿಂತ ಅಪಾಯಕಾರಿಯಾದ ಕೆಂಪು ಕಲೆಯನ್ನೂ ಇವಕ್ಕೆ ಸೇರಿಸಬೇಕು. ಇವೆಲ್ಲ ಅರ್ಬುದವೇ ಆಗಿರುವುದಿಲ್ಲ; ಹೆಚ್ಚಿನವು ಅಲ್ಲ. ಆದರೆ ಎರಡು ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು, ಅದು ನೋಯಲಿ ನೋಯದಿರಲಿ, ವೈದ್ಯರಿಗೆ ತೋರಿಸಲೇಬೇಕು.

ಬರಿಗಣ್ಣಿನ ಈ ಪರೀಕ್ಷೆಯಿಂದ ಜೀವ ಉಳಿಯುವುದೇ ಎಂಬ ಪ್ರಶ್ನೆಯನ್ನು ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಪರೀಕ್ಷೆಗೆ ಒಡ್ಡಲಾಯಿತು. ತರಬೇತಿ ಪಡೆದ ಕಾರ್ಯಕರ್ತರು, ವೈದ್ಯರಲ್ಲದವರು, ಮನೆಮನೆಗೆ ಹೋಗಿ 35 ವರ್ಷ ಮೀರಿದವರ ಬಾಯಿಗಳನ್ನು ನೋಡಿದರು. ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಫಲಿತಾಂಶ ಹೊರಬಂದಿತು: ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಹೀಗೆ ಪರೀಕ್ಷಿಸಿದ ಪ್ರದೇಶಗಳಲ್ಲಿ ಬಾಯಿಯ ಅರ್ಬುದದಿಂದಾದ ಸಾವು ಉಳಿದ ಪ್ರದೇಶಗಳಿಗಿಂತ ಶೇಕಡ 34ರಷ್ಟು ಕಡಮೆಯಾಗಿತ್ತು.