ರಿಲೀವ್, ಡಿಸ್ಚಾರ್ಜ್, ರಿಲೀಸ್

ಪಾವಗಡದ ಕಡೆ ಶಾಲೆಯ ಮೇಷ್ಟ್ರೊಬ್ಬರಿಗೆ ವರ್ಗಾವಣೆ ಆದೇಶ ಬಂತೆಂದರೆ, ಹೋಗುವ ಊರಿನ ಹೆಸರು ಕೇಳುವ ಮೊದಲೇ ಜೊತೆಯವರು ಕೇಳುವುದು: ‘ರಿಲೀವ್ ಮಾಡಿದ್ರಾ ಸಾರ್?’ ಆದೇಶ ಜೇಬಿನಲ್ಲಿದ್ದರೂ, ಬದಲಿ ಮೇಷ್ಟ್ರು ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರೆಗೆ ಇವರು ಅಲ್ಲೇ ಕಾಯಬೇಕಾಗಬಹುದು. ಕಡತದಲ್ಲಿ ‘ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ’ ಎಂದು ಬರೆಯುತ್ತಾರೆ. ಬಾಯಲ್ಲಿ ಹಾಗೆ ಹೇಳಿದವರನ್ನು ಕಂಡವರು ಕಡಿಮೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಕಂದಾಯದ ಲೆಕ್ಕದಲ್ಲಿ ಒಂದು ಉಪವಿಭಾಗ, ಶಿಕ್ಷಣ ಇಲಾಖೆಗೆ ಒಂದು ಪ್ರತ್ಯೇಕ ಜಿಲ್ಲೆ. ಕಚೇರಿಗಳಿದ್ದ ಮೇಲೆ ಕಚೇರಿಯ ಇಂಗ್ಲಿಷೂ ಇರಲೇಬೇಕಲ್ಲ! ಬಿಡಿಸಿಕೊಂಡು ಬರುವುದಕ್ಕೆ ಜನ ಒಂದೊಂದು ಬಾಗಿಲಲ್ಲಿ ಒಂದೊಂದು ಪದ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್, ಕೋರ್ಟಿನಲ್ಲಿ ಬೇಲ್, ಟಾಕೀಸಿನಲ್ಲಿ ರಿಲೀಸ್. ಬಾಣಂತಿ ಆಸ್ಪತ್ರೆಯಿಂದ ‘ರಿಲೀಸ್ ಆದಳು’ ಎಂದರೆ ಓದು ಬರದವರೂ ನಗುತ್ತಾರೆ.

ಇಂಗ್ಲಿಷಿಗಿಂತ ಮೊದಲೂ ಈ ಸೀಮೆಗೆ ಹೊರಗಿನ ಪದ ಹೊಸದಾಗಿರಲಿಲ್ಲ. 1687ರ ನಂತರ ಶಿರಾ ಮೊಗಲರ ಸುಬಾದ ರಾಜಧಾನಿಯಾಗಿತ್ತು. ದರ್ಬಾರಿನ ಭಾಷೆ ಪಾರ್ಸಿ. ಅರಬ್ಬಿ-ಪಾರ್ಸಿ ಮೂಲದ ಜಾಮೀನು, ಖುಲಾಸೆ ಇವತ್ತಿಗೂ ಪತ್ರಿಕೆಯಲ್ಲಿ ಗಟ್ಟಿಯಾಗಿ ನಿಂತಿವೆ. ಹೋಟೆಲಿನ ಮಾತಿಗೆ ಬಂದಾಗ ಜಾಮೀನು ಹಿಂದೆ ಸರಿದು ‘ಬೇಲ್ ಸಿಕ್ತಂತೆ’ ಮುಂದೆ ಬಂದಿದೆ.

ಎಲ್ಲಕ್ಕಿಂತ ಜಾಣತನದ ರಿಲೀಸು ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಣ್ಣಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ತಂಗಿಯನ್ನು ಕರೆಸುತ್ತಾರೆ, ಊಟ ಹಾಕಿಸುತ್ತಾರೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದು ಸೀರೆ ಕೊಡುತ್ತಾರೆ. ಅವಳು ಕ್ಯಾಮೆರಾ ಎದುರು ಕೂತು, ಹೆಬ್ಬೆಟ್ಟು ಒತ್ತಿ ಎದ್ದು ಬರುತ್ತಾಳೆ. ಊರಲ್ಲಿ ‘ತಂಗಿ ರಿಲೀಸ್ ಮಾಡಿಕೊಟ್ಲು’ ಎಂದು ಮೆಚ್ಚಿ ಹೇಳುತ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಹಾಗಾಗಿ ಅವಳ ಸಹಿಗೆ ಬೆಲೆ ಬಂದಿದೆ. ಅವಳ ಪಾಲಿಗೆ ಬಂತೇ ಎನ್ನುವುದು ಬೇರೆ ವಿಚಾರ. ಹಕ್ಕು ಬಿಡುಗಡೆ ಪತ್ರ ಎಂಬ ಹೆಸರೇ ಹೇಳುವಂತೆ ಇಲ್ಲಿ ಬಿಡುಗಡೆಯಾಗುವುದು ಹೆಣ್ಣುಮಗಳಲ್ಲ, ಅವಳ ಹಕ್ಕು.

ಡಿಸ್ಚಾರ್ಜ್ ಪದದ ಬೇರು ಲ್ಯಾಟಿನ್ನಿನ ಗಾಡಿಯಲ್ಲಿದೆ. ಗಾಡಿಗೆ ಹೇರಿದ ಹೊರೆ ಇಳಿಸುವುದೇ ಅದರ ಮೂಲ ಅರ್ಥ. ಬ್ಯಾಂಕಿನಲ್ಲಿ ಸಾಲ ತೀರಿಸಿದ ರೈತ ತಾಲ್ಲೂಕು ಕಚೇರಿಯಲ್ಲಿ ‘ಪಹಣಿಯಿಂದ ಬೋಜಾ ತೆಗೆಸ್ಬೇಕು ಸ್ವಾಮಿ’ ಎನ್ನುತ್ತಾನೆ. ಬೋಜಾ ಎಂದರೂ ಹೊರೆಯೇ. ಎರಡು ಭಾಷೆಗಳು ಪರಸ್ಪರ ಕೇಳದೆಯೇ ಸಾಲವನ್ನು ಒಂದೇ ರೀತಿ ಕಂಡಿವೆ. ಶೇಂಗಾ ಬಿತ್ತಿ ಮಳೆಗೆ ಕಾಯುವ ಈ ನಾಲ್ಕು ತಾಲ್ಲೂಕುಗಳಿಗೆ ಆ ಕಾಣ್ಕೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಸಾಲಕ್ಕೆ ಮನುಷ್ಯನನ್ನೇ ಒತ್ತೆಯಿಟ್ಟ ಜೀತದ ವಿಷಯಕ್ಕೆ ಬಂದರೆ ಇದೇ ಪದಗಳ ತೂಕ ಬೇರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರ್ 25ರಂದು, ಸುಗ್ರೀವಾಜ್ಞೆಯ ಮೂಲಕ ಜೀತ ರದ್ದಾಯಿತು. 1976ರಲ್ಲಿ ಅದು ಕಾಯ್ದೆಯಾಯಿತು. ಅದರ ನಾಲ್ಕನೇ ಕಲಂ ಪ್ರಕಾರ ಕಾಯ್ದೆ ಜಾರಿಗೆ ಬಂದ ಗಳಿಗೆಯಿಂದಲೇ ಪ್ರತಿ ಜೀತದಾಳೂ ‘ಫ್ರೀಡ್ ಅಂಡ್ ಡಿಸ್ಚಾರ್ಜ್ಡ್’. ಒಂದೇ ಅರ್ಥಕ್ಕೆ ಎರಡೆರಡು ಪದ ಜೋಡಿಸುವುದು ವಕೀಲರ ಇಂಗ್ಲಿಷಿನ ಹಳೆಯ ಚಟ. ಇಲ್ಲಿ ಮಾತ್ರ ಎರಡೂ ಬೇಕಿತ್ತು. ಒಂದು ಆಳನ್ನು ಬಿಟ್ಟಿತು, ಇನ್ನೊಂದು ಅವನ ಹೊರೆ ಇಳಿಸಿತು. ಜೀತದ ಸಾಲ ತೀರಿಸುವ ಹೊಣೆಯೇ ಇಲ್ಲವೆಂದು ಆರನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಕಾಗದದ ಮೇಲೆ ಎಲ್ಲರೂ ಆ ದಿನವೇ ಬಿಡುಗಡೆಯಾದರು. ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕುರಿ ಹಿಂಡಿನ ಹಿಂದೆ ಇದ್ದವರಿಗೆ ಹಾಗಾಗಲಿಲ್ಲ. ಜೀತ ಎಂಬ ಮಾತು ಹಿಂದೆ ಸರಿದು ‘ಅಡ್ವಾನ್ಸ್’ ಬಂತು: ‘ಅಡ್ವಾನ್ಸ್ ಈಸ್ಕಂಡವ್ನೆ, ತೀರೋ ಗಂಟ ಇರ್ಬೇಕು.’ ಸೌಮ್ಯವಾದ ಇಂಗ್ಲಿಷ್ ಪದವೊಂದು ಹೀಗೆ ಬೇಡಿಯ ಕೆಲಸವನ್ನೂ ಮಾಡುತ್ತದೆ.

ಇಂಥವನು ಬಿಡುಗಡೆಯಾಗಿದ್ದಾನೆ ಎನ್ನಲು ಇವತ್ತು ಬೇಕಾದದ್ದು ರಿಲೀಸ್ ಸರ್ಟಿಫಿಕೇಟ್, ಅಂದರೆ ಬಿಡುಗಡೆ ಪತ್ರ. ವಿಚಾರಣೆ ಮಾಡಿ ಅದಕ್ಕೆ ಸಹಿ ಹಾಕುವ ಅಧಿಕಾರ ಉಪವಿಭಾಗಾಧಿಕಾರಿಗಿದೆ. ಈ ಸೀಮೆಯವರು ಹೋಗಬೇಕಾದದ್ದು ಮಧುಗಿರಿಯ ಎಸಿ ಕಚೇರಿಗೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ‘ವ್ಯಕ್ತಿ ಬಿಡುಗಡೆಯಾಗಿದ್ದಾನೆ, ಹಣ ಬಿಡುಗಡೆಯಾಗಿಲ್ಲ’ ಎಂಬ ವಾಕ್ಯ ಸರ್ಕಾರಿ ಕನ್ನಡದಲ್ಲಿ ಯಾವ ವ್ಯಾಕರಣದ ತೊಡಕೂ ಇಲ್ಲದೆ ಓಡುತ್ತದೆ.

ಅಡ್ವಾನ್ಸ್ ಹೆಸರಿನಲ್ಲಿ ಹೊರಗೆ ಬಿಡದೆ ದುಡಿಸಿಕೊಳ್ಳುತ್ತಿರುವುದು ಯಾರ ಕಣ್ಣಿಗಾದರೂ ಬಿದ್ದರೆ ತಹಶೀಲ್ದಾರರಿಗೋ ಎಸಿಗೋ ಒಂದು ಅರ್ಜಿ ಬರೆಯಬಹುದು. ಆ ಅಡ್ವಾನ್ಸ್ ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ, ಕಾಯ್ದೆಯ ಹದಿನೈದನೇ ಕಲಂ ಪ್ರಕಾರ, ಸಾಲ ಕೊಟ್ಟವನದೇ.