ವಾಗ್ದಾನದ ಮಗು, ಕಾಣದ ತಾಯಿ: ಹೋಲ್ಟ್ ದಂಪತಿಯ ದತ್ತು ನಿರ್ಧಾರ ಕುರಿತು

ಅಮೆರಿಕದ ಆರೆಗನ್ ರಾಜ್ಯದ ಕ್ರೆಸ್‌ವೆಲ್ ಊರಿನ ಹ್ಯಾರಿ ಮತ್ತು ಬರ್ತಾ ಹೋಲ್ಟ್ 1955ರಲ್ಲಿ ಕೊರಿಯದ ಎಂಟು ಮಕ್ಕಳನ್ನು ದತ್ತು ತೆಗೆದುಕೊಂಡರು. ಅಷ್ಟರಲ್ಲೇ ಅವರಿಗೆ ಆರು ಮಕ್ಕಳಿದ್ದರು. ವರ್ಲ್ಡ್ ವಿಷನ್ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಬಾಬ್ ಪಿಯರ್ಸ್ ತಂದಿದ್ದ ಚಲನಚಿತ್ರದಲ್ಲಿ, ವಿದೇಶಿ ಸೈನಿಕರಿಗೂ ಕೊರಿಯದ ಹೆಂಗಸರಿಗೂ ಹುಟ್ಟಿದ ಮಕ್ಕಳ ಪಾಡು ಕಂಡದ್ದೇ ಇದಕ್ಕೆಲ್ಲ ಮೊದಲು. ಒಂದು ಮನೆಗೆ ಇಬ್ಬರಿಗಿಂತ ಹೆಚ್ಚು ಅನಾಥರನ್ನು ತರಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ಆದ್ದರಿಂದ ಅಮೆರಿಕದ ಕಾಂಗ್ರೆಸ್ಸು ಇವರಿಗಾಗಿಯೇ ವಿಶೇಷ ಕಾಯಿದೆ ಮಾಡಿಕೊಟ್ಟಿತು. ಈ ನಿರ್ಧಾರವನ್ನು ಕರುಣೆಯೆಂದು ಕೊಂಡಾಡುವವರೂ ಧರ್ಮಾವೇಶವೆಂದು ತಳ್ಳಿಹಾಕುವವರೂ ಒಂದು ಪ್ರಶ್ನೆಯನ್ನು ಕೈಬಿಡುತ್ತಾರೆ: ಇದರ ಹಿಂದಿದ್ದ ಕ್ರೈಸ್ತ ನಂಬಿಕೆ ಮಗುವನ್ನು ಯಾರದೆಂದು ಎಣಿಸಿತು?

ಬರ್ತಾ ಅವರ ಪುಸ್ತಕ 'ದ ಸೀಡ್ ಫ್ರಮ್ ದಿ ಈಸ್ಟ್'. ಆ ಹೆಸರು ಬಂದದ್ದು ಬೈಬಲಿನ ಯೆಶಾಯನ ಗ್ರಂಥದ 43ನೆಯ ಅಧ್ಯಾಯದಿಂದ. ಮೂಲದಲ್ಲಿ ಅದು ಚದುರಿಹೋದ ಇಸ್ರಾಯೇಲ್ಯರಿಗೆ ಹೇಳಿದ ಅಭಯ: ನಿನ್ನ ಸಂತಾನವನ್ನು ಮೂಡಲಿಂದ ಬರಮಾಡುವೆನೆಂಬ ಭಾವದ್ದು. ಅಂದರೆ ಅದು ಮನೆಗೆ ಮರಳುವವರ ಮಾತು. ಅದನ್ನು ಕೊರಿಯದ ಕೂಸಿಗೆ ಅನ್ವಯಿಸಿದೊಡನೆ ಆರೆಗನ್ನೇ ತವರಾಗುತ್ತದೆ, ಮಗು ಮೊದಲಿಂದಲೂ ಇವರದೇ ಆಗುತ್ತದೆ. 'ದತ್ತ' ಎಂದರೆ ಕೊಟ್ಟದ್ದು; ನಮ್ಮ 'ದತ್ತು' ಎಂಬ ಮಾತಿನೊಳಗೆ ಕೊಟ್ಟವರೊಬ್ಬರು ಇದ್ದೇ ಇರುತ್ತಾರೆ. ಈ ವಾಗ್ದಾನದಲ್ಲಿ ಕೊಡುವವನು ದೇವರು, ಹೆತ್ತವಳಿಗೆ ಜಾಗವಿಲ್ಲ. ದಂಪತಿಯ ಅಚಲ ಪ್ರೀತಿಗೂ ಅವರ ಕಣ್ಣಿಗೆ ಬೀಳದೆ ಹೋದದ್ದಕ್ಕೂ ಬೇರು ಒಂದೇ ಎಂಬುದು ನನ್ನ ವಾದ.

ಹೋಲ್ಟ್ ದಂಪತಿಯ ದತ್ತು ಸಂಸ್ಥೆ ಬೆಳೆದ ರೀತಿ ಇದಕ್ಕೆ ಪುರಾವೆ. ಮಗು ಇವರದೆಂದು ಮೊದಲೇ ತೀರ್ಮಾನವಾಗಿದ್ದರೆ ವಿಚಾರಣೆಯೆಲ್ಲ ವಿಳಂಬವಾಗಿಯೇ ತೋರುತ್ತದೆ. ದತ್ತು ಪಡೆಯುವವರು ಕೊರಿಯಕ್ಕೆ ಹೋಗದೆ, ಪ್ರತಿನಿಧಿಯ ಮೂಲಕವೇ ದತ್ತು ಮುಗಿಸುವ ಪದ್ಧತಿ ನಡೆಯಿತು. ದಂಪತಿಗಳನ್ನು ಆರಿಸುವಾಗ ಕ್ರೈಸ್ತ ನಿಷ್ಠೆಗೆ ಹೆಚ್ಚಿನ ತೂಕವಿತ್ತು. ಮಕ್ಕಳ ಕಲ್ಯಾಣ ಕಾರ್ಯಕರ್ತರು ಈ ಎರಡನ್ನೂ ಬಲವಾಗಿ ವಿರೋಧಿಸಿದರು. 1961ರಲ್ಲಿ ಅಮೆರಿಕ ಪ್ರತಿನಿಧಿಯ ಮೂಲಕ ನಡೆಯುವ ದತ್ತು ಪದ್ಧತಿಗೆ ತಡೆ ಹಾಕಿತು.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ತಂದೆಯ ವಂಶವೇ ಗುರುತಾಗಿದ್ದ ಆಗಿನ ಕೊರಿಯದ ಸಮಾಜದಲ್ಲಿ ಮಿಶ್ರ ರಕ್ತದ ಮಕ್ಕಳಿಗೆ ನೆಲೆಯಿರಲಿಲ್ಲ. ಅಲ್ಲಿನ ಅಧ್ಯಕ್ಷ ಸಿಂಗ್ಮನ್ ರೀ ಅವರ ಸರ್ಕಾರಕ್ಕೂ ಅವರನ್ನು ಹೊರಗೆ ಕಳಿಸುವುದೇ ಬೇಕಿತ್ತು. ಮಕ್ಕಳನ್ನು ಬಣ್ಣ ನೋಡಿ ಹೊಂದಿಸುತ್ತಿದ್ದ ಅಮೆರಿಕದ ಸಂಸ್ಥೆಗಳ ಗೋಡೆಯನ್ನು ಒಡೆದದ್ದು ಇದೇ ನಂಬಿಕೆ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆ ಧೈರ್ಯ ಸಣ್ಣದಲ್ಲ. ಆದರೆ ಹಲವು ತಾಯಂದಿರು ಬದುಕಿದ್ದರು. ಅವರಿಗೆ ಆಸರೆ ಕೊಟ್ಟರೆ ಮಗು ಉಳಿದೀತೇ ಎಂದು ಕೇಳಲು ಆ ವಾಗ್ದಾನದಲ್ಲಿ ಎಡೆಯಿರಲಿಲ್ಲ. ತಪ್ಪು ಸರ್ಕಾರದ್ದು, ನಂಬಿಕೆಯದ್ದಲ್ಲ ಎನ್ನುವವರು ಕೊರಿಯದ 'ಅನಾಥ ಹೋಜೊಕ್' ಎಂಬ ಕುಟುಂಬ ದಾಖಲೆಯನ್ನು ನೋಡಬೇಕು. ಅದರಲ್ಲಿ ಕೂಸೇ ಯಜಮಾನ, ಕೂಸೊಂದೇ ಸದಸ್ಯ. ತಂದೆತಾಯಿಯ ಅಂಕಣ ಖಾಲಿ. ಆ ಕಾಗದವನ್ನು ಸೃಷ್ಟಿಸಿದ್ದು ಸರ್ಕಾರಿ ವ್ಯವಸ್ಥೆ, ನಿಜ. ಆದರೆ ಆ ಖಾಲಿ ಅಂಕಣವನ್ನು ಸಂಶಯವಿಲ್ಲದೆ ಓದಿಕೊಳ್ಳುವ ಮನಸ್ಸನ್ನು ಸಮುದ್ರದಾಚೆ ಸಿದ್ಧಪಡಿಸಿದ್ದರಲ್ಲಿ ವಾಗ್ದಾನದ ಪಾಲಿದೆ. 2025ರ ಮಾರ್ಚಿನಲ್ಲಿ ದಕ್ಷಿಣ ಕೊರಿಯದ ಸತ್ಯಶೋಧನಾ ಆಯೋಗ, ಇಂಥ ದಾಖಲೆಗಳನ್ನು ತಿರುಚಿದ್ದನ್ನು ಗುರುತಿಸಿ ಸರ್ಕಾರವನ್ನು ಹೊಣೆ ಮಾಡಿತು. ವಾಗ್ದಾನದಲ್ಲಿ ಜಾಗವಿಲ್ಲದ ಆ ಹೆತ್ತವಳಿಗೆ ಕಾನೂನು ಜಾಗ ಕೊಟ್ಟಿದೆ: ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದದ 4ನೆಯ ವಿಧಿ, ತಾಯಿಯ ಒಪ್ಪಿಗೆ ಬೇಕಿರುವಲ್ಲಿ ಅದನ್ನು ಹೆರಿಗೆಯ ನಂತರವೇ ಪಡೆದಿರಬೇಕು ಎನ್ನುತ್ತದೆ.